ಕುರ್ಚಿ ಅಲುಗಿದಾಗ ಕ್ಯಾಮೆರಾ ಮುಂದೆ

ಜಿಮ್ ಕ್ರೇಮರ್ ನಡೆಸಿಕೊಡುವ ‘ಮ್ಯಾಡ್ ಮನಿ’ ಷೇರುಪೇಟೆಯ ಕಾರ್ಯಕ್ರಮ ಅನ್ನುವುದಕ್ಕಿಂತ ಬಯಲಾಟಕ್ಕೆ ಹತ್ತಿರ. ನಿರೂಪಕರು ಅಂಗಿಯ ತೋಳು ಮಡಚಿಕೊಂಡು ಸ್ಟುಡಿಯೊ ತುಂಬ ಓಡಾಡುತ್ತಾರೆ, ಕೂಗಾಡುತ್ತಾರೆ, ಮೇಜಿನ ಮೇಲಿನ ಗುಂಡಿಗಳನ್ನು ಗುದ್ದಿ ಚಿತ್ರವಿಚಿತ್ರ ಸದ್ದು ಹೊರಡಿಸುತ್ತಾರೆ. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ತಿಳಿಯಲು ಅಮೆರಿಕದ ಸಣ್ಣ ಹೂಡಿಕೆದಾರರು ಸಂಜೆ ಹೊತ್ತು ಅದನ್ನು ನೋಡುತ್ತಾರೆ. 2016ರ ಸೆಪ್ಟೆಂಬರ್ 13ರಂದು ಆ ರಂಗಸ್ಥಳಕ್ಕೆ ಅತಿಥಿಯಾಗಿ ಬಂದವರು ವೆಲ್ಸ್ ಫಾರ್ಗೊ ಬ್ಯಾಂಕಿನ ಅಧ್ಯಕ್ಷ ಮತ್ತು ಸಿಇಒ ಜಾನ್ ಸ್ಟಂಫ್. ಮಿನ್ನೆಸೋಟಾದ ಹೈನುಗಾರ ಕುಟುಂಬವೊಂದರ ಹನ್ನೊಂದು ಮಕ್ಕಳಲ್ಲಿ ಒಬ್ಬರಾದ ಇವರನ್ನು ಅದೇ ವರ್ಷದ ಆರಂಭದಲ್ಲಿ ಮಾರ್ನಿಂಗ್‌ಸ್ಟಾರ್ ಸಂಸ್ಥೆ ‘2015ರ ಸಿಇಒ’ ಎಂದು ಆರಿಸಿತ್ತು. ಒಂಬತ್ತು ತಿಂಗಳೊಳಗೆ ಅವರು ಟಿವಿಗೆ ಬಂದದ್ದು ಹೆಸರು ಉಳಿಸಿಕೊಳ್ಳಲು.

ಸಂದರ್ಶನಕ್ಕೆ ಐದು ದಿನ ಮೊದಲು, ಸೆಪ್ಟೆಂಬರ್ 8ರಂದು, ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ, ಬ್ಯಾಂಕುಗಳ ಮೇಲ್ವಿಚಾರಕರು ಮತ್ತು ಲಾಸ್ ಏಂಜಲೀಸ್ ನಗರದ ವಕೀಲರು ಸೇರಿ ಆ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಹಾಕಿದ್ದರು. ಕಾರಣ, ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ತೆರೆದಿರಬಹುದಾದ ಸುಮಾರು 20 ಲಕ್ಷ ಖಾತೆ ಮತ್ತು ಕ್ರೆಡಿಟ್ ಕಾರ್ಡ್ ಅರ್ಜಿಗಳು. ಒಂದು ಮನೆಗೆ ಎಂಟು ಬಗೆಯ ಖಾತೆ, ಕಾರ್ಡ್, ಸಾಲ ಮಾರಬೇಕು ಎಂಬುದು ಬ್ಯಾಂಕಿನ ಗುರಿ. ಎಂಟೇ ಯಾಕೆ ಎಂದರೆ ಇಂಗ್ಲಿಷಿನಲ್ಲಿ ಎಂಟು ಮತ್ತು ‘ಗ್ರೇಟ್’ ಪ್ರಾಸ ಕೂಡುತ್ತವೆ ಎಂದು ಬ್ಯಾಂಕಿನ ವಾರ್ಷಿಕ ವರದಿಯೇ ಹೇಳಿಕೊಂಡಿತ್ತು. ಪ್ರಾಸಕ್ಕಾಗಿ ಕವಿಗಳು ಅರ್ಥ ಕೆಡಿಸಿದ್ದನ್ನು ನೋಡಿದ್ದೇವೆ. ಬ್ಯಾಂಕ್ ಕೆಡಿಸಿದ್ದು ಅಪರೂಪ. ದಿನದ ಟಾರ್ಗೆಟ್ ಮುಟ್ಟದ ಶಾಖೆಯ ನೌಕರರು ಗ್ರಾಹಕರ ಒಂದು ಖಾತೆಯಿಂದ ದುಡ್ಡು ತೆಗೆದು ಅವರದೇ ಹೆಸರಿನ ಹೊಸ ಖಾತೆಗೆ ಹಾಕಿ ಲೆಕ್ಕ ತೋರಿಸಿದರು, ಸುಳ್ಳು ಇಮೇಲ್ ವಿಳಾಸ ಕೊಟ್ಟರು, ಕೇಳದೆಯೇ ಡೆಬಿಟ್ ಕಾರ್ಡಿಗೆ ಪಿನ್ ಹಾಕಿಕೊಂಡರು. ಹಳೆಯ ಖಾತೆಯಲ್ಲಿ ಬಾಕಿ ಕಡಿಮೆ ಬಿದ್ದಾಗ ಅದಕ್ಕೂ ಶುಲ್ಕ ಕಟ್ಟಿದವರು ಗ್ರಾಹಕರೇ. ಇದಕ್ಕಾಗಿ ಐದು ವರ್ಷದಲ್ಲಿ ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಲಾಸ್ ಏಂಜಲೀಸ್ ಟೈಮ್ಸ್ ಇದನ್ನು 2013ರ ಡಿಸೆಂಬರಿನಲ್ಲೇ ಬರೆದಿತ್ತು. ಹಾಗಾಗಿ ಮೇಲಿನವರಿಗೆ ಗೊತ್ತಿರಲಿಲ್ಲ ಎನ್ನಲು ದಾರಿ ಉಳಿದಿರಲಿಲ್ಲ.

ಇಷ್ಟು ಹೊತ್ತುಕೊಂಡು ಸ್ಟಂಫ್ ಕ್ರೇಮರ್ ಮುಂದೆ ಕೂತರು. ತಮ್ಮಿಂದ ತಪ್ಪಾಗಿದೆ ಎಂದರು, ವಿಷಾದಿಸಿದರು, ಮುಂದಿನ ವರ್ಷದಿಂದ ಮಾರಾಟದ ಗುರಿಗಳೇ ಇರುವುದಿಲ್ಲ ಎಂಬ ಅಂದಿನ ಘೋಷಣೆಯನ್ನು ಮುಂದಿಟ್ಟರು. ರಾಜೀನಾಮೆಯ ಪ್ರಶ್ನೆ ಬಂದಾಗ, ಈಗ ತಾನು ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಈ ಸಂಸ್ಥೆಯನ್ನು ಮುನ್ನಡೆಸುವುದೇ ಎಂದರು. ಅದೇ ದಿನ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ, ಕೆಟ್ಟದ್ದು ಮಾಡಿ ಎಂದು ಯಾರಿಗೂ ಪ್ರೋತ್ಸಾಹಧನ ಇರಲಿಲ್ಲ ಎಂಬ ಅರ್ಥದ ಮಾತನ್ನೂ ಹೇಳಿದ್ದರು. ಎರಡನ್ನೂ ಕೂಡಿಸಿ ಓದಿದರೆ ಸಿಗುವ ಚಿತ್ರ ಇಷ್ಟು: ಹೊಣೆ ನನ್ನದು, ತಪ್ಪು ಅವರದು. ಅವರು ಎಂದರೆ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಕೌಂಟರಿನ ಹುಡುಗ ಹುಡುಗಿಯರು.

ಏಳು ದಿನ ಕಳೆದು, ಸೆಪ್ಟೆಂಬರ್ 20ರಂದು, ಸೆನೆಟ್ ಸಮಿತಿಯ ಮುಂದೆ ಅವರ ಬಲಗೈಗೆ ಬ್ಯಾಂಡೇಜ್ ಇತ್ತು, ಮೊಮ್ಮಕ್ಕಳೊಡನೆ ಆಡುವಾಗ ಆದ ಪೆಟ್ಟಂತೆ. ಎದುರು ಕೂತಿದ್ದವರು ಸೆನೆಟರ್ ಎಲಿಜಬೆತ್ ವಾರನ್. ಅವರು ಹೊಸ ಸಾಕ್ಷಿಯನ್ನೇನೂ ತರಲಿಲ್ಲ. ಸ್ಟಂಫ್ ತಾವೇ ವರ್ಷಗಟ್ಟಲೆ ಷೇರುದಾರರ ಮುಂದೆ ಆಡಿದ್ದ ಮಾತು, ಒಂದೊಂದು ಮನೆಗೆ ಎಷ್ಟೆಷ್ಟು ಖಾತೆ ಮಾರಿದ್ದೇವೆ ಎಂಬ ಹೆಮ್ಮೆಯ ಅಂಕಿಗಳು, ಇವನ್ನೇ ತಂದು ಓದಿದರು. ನೀವು ಗಳಿಸಿದ್ದರಲ್ಲಿ ಒಂದು ಬಿಡಿಗಾಸನ್ನಾದರೂ ವಾಪಸ್ ಕೊಟ್ಟಿದ್ದೀರಾ ಎಂದು ಕೇಳಿದರು. ರಾಜೀನಾಮೆ ಕೊಡಿ, ನಿಮ್ಮ ಮೇಲೆ ಕ್ರಿಮಿನಲ್ ತನಿಖೆ ನಡೆಯಬೇಕು ಎಂದರು. ಆ ಕೆಲವು ನಿಮಿಷಗಳ ದೃಶ್ಯ ಎಷ್ಟು ಹರಡಿತೆಂದರೆ ಕ್ರೇಮರ್ ಸಂದರ್ಶನ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಅಕ್ಟೋಬರ್ 12ರಂದು ಸ್ಟಂಫ್ ಕೆಳಗಿಳಿದರು.

ಹೆಸರು ಕೆಟ್ಟ ಬ್ಯಾಂಕ್ ಮುಖ್ಯಸ್ಥರು ಟಿವಿಗೆ ಹೋಗಬೇಕೆ ಬೇಡವೆ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ತಿಂಗಳ ದಿನಾಂಕಗಳ ಸಾಲು. ಸೆಪ್ಟೆಂಬರ್ 13ಕ್ಕೆ ಸಂದರ್ಶನ. ಸೆಪ್ಟೆಂಬರ್ 27ಕ್ಕೆ, ಅಂದರೆ ಸೆನೆಟ್ ಚಚ್ಚಿದ ವಾರದ ಮೇಲೆ, ಸ್ಟಂಫ್ ಸುಮಾರು 4.1 ಕೋಟಿ ಡಾಲರ್ ಮೌಲ್ಯದ, ಇನ್ನೂ ಕೈಸೇರದ ಷೇರುಗಳನ್ನು ಬಿಟ್ಟುಕೊಡುತ್ತಾರೆಂದು ಆಡಳಿತ ಮಂಡಳಿ ಪ್ರಕಟಿಸಿತು. ಈ ಎರಡು ಅದಲುಬದಲಾಗಿದ್ದಿದ್ದರೆ? ಮೊದಲು ತನ್ನ ಗಳಿಕೆ ಬಿಟ್ಟು, ಮೋಸಹೋದವರ ಶುಲ್ಕ ಮರಳಿಸುವ ಲೆಕ್ಕ ಹಿಡಿದು, ಆಮೇಲೆ ಕ್ಯಾಮೆರಾ ಮುಂದೆ ಬಂದಿದ್ದಿದ್ದರೆ? ಕುರ್ಚಿ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಹೇಳುವುದಕ್ಕೆ ಒಂದು ವಿಷಯವಾದರೂ ಇರುತ್ತಿತ್ತು. ಸಂಜೆಯ ಷೇರು ಕಾರ್ಯಕ್ರಮಕ್ಕೆ ಹೋದದ್ದೇ ಅವರು ಯಾರೊಂದಿಗೆ ಮಾತಾಡಲು ಬಯಸಿದ್ದರು ಎಂಬುದನ್ನು ಹೇಳುತ್ತದೆ. ತನ್ನ ಹೆಸರಿನಲ್ಲಿ ತಾನು ಕೇಳದ ಕಾರ್ಡ್ ಇದೆ ಎಂದು ಪತ್ರ ಬಂದಾಗ ತಿಳಿದವಳು ‘ಮ್ಯಾಡ್ ಮನಿ’ ನೋಡುವವಳಲ್ಲ. ಅದನ್ನು ನೋಡುವವರು ಷೇರುದಾರರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಅವರು ಮುಟ್ಟಿ ನೋಡಿಕೊಂಡದ್ದು ಷೇರಿನ ಬೆಲೆಯನ್ನು.

ಇದು ಸ್ಟಂಫ್ ಒಬ್ಬರ ದಡ್ಡತನವಲ್ಲ. ಬ್ಯಾಂಕಿನ ಮುಖ್ಯಸ್ಥರ ಬಾಯಿಗೆ ಬೇರೆ ಉದ್ಯಮಿಗಳಿಗಿಲ್ಲದಷ್ಟು ಕಟ್ಟುಗಳಿವೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಬೆಲೆ ಏರಿಳಿಸುವಂಥ ಸಂಗತಿಯನ್ನು ಮೊದಲು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ನಮ್ಮಲ್ಲಿ ಸೆಬಿ ನಿಯಮ, ಅಮೆರಿಕದಲ್ಲಿ ಅವರದೇ ನಿಯಮ. ಟಿವಿ ನಿರೂಪಕರಿಗೆ ಮೊದಲು ಹೇಳುವಂತಿಲ್ಲ. ಎಂದರೆ ಕಾನೂನಿನ ಪ್ರಕಾರವೇ ಸಂದರ್ಶನದಲ್ಲಿ ಹೊಸದೇನೂ ಇರಕೂಡದು. ಎರಡನೆಯದು, ಗ್ರಾಹಕರ ಗುಟ್ಟು. ಯಾರಿಗೆ ಎಷ್ಟು ಸಾಲ, ಯಾರು ಕಟ್ಟಿಲ್ಲ ಎಂದು ಬಾಯಿಬಿಡುವ ಹಾಗಿಲ್ಲ. ಮೂರನೆಯದು ವಕೀಲರು. ‘ನಮ್ಮದು ತಪ್ಪು’ ಎಂಬ ಎರಡು ಪದ ನಾಳೆ ನ್ಯಾಯಾಲಯದಲ್ಲಿ ದಾಖಲೆಯಾಗಬಹುದು ಎಂದು ಅವರು ಸ್ಟುಡಿಯೊ ಬಾಗಿಲವರೆಗೂ ಎಚ್ಚರಿಸಿ ಕಳಿಸಿರುತ್ತಾರೆ. ಇದರ ಮೇಲೆ ಮೇಲ್ವಿಚಾರಕರ ತನಿಖೆ ನಡೆಯುತ್ತಿದ್ದರೆ ಅದರ ಬಗ್ಗೆಯೂ ಬಾಯಿ ಬಿಗಿ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇನು? ಮುಖ, ದನಿ, ಟೈ. ಪ್ರಚಾರ ಸಲಹೆಗಾರರು ದುಡ್ಡು ತೆಗೆದುಕೊಂಡು ತಿದ್ದುವುದೂ ಇವನ್ನೇ. ಕೇಳಿದ್ದೊಂದು ಹೇಳಿದ್ದೊಂದು ಮಾಡಿ ಪ್ರಶ್ನೆಯಿಂದ ಜಾರುವ ಕಲೆಯನ್ನು ಅವರು ಅಣಕು ಕ್ಯಾಮೆರಾ ಇಟ್ಟು ಅಭ್ಯಾಸ ಮಾಡಿಸುತ್ತಾರೆ. ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತವರಿಗೆ ಮಾತ್ರ ಆ ಜಾರುವಿಕೆ ಸ್ಪಷ್ಟವಾಗಿ ಕಾಣುತ್ತದೆ; ಉತ್ತರ ಕೇಳಿಸದಿದ್ದರೂ ತಪ್ಪಿಸಿಕೊಂಡದ್ದು ಕೇಳಿಸುತ್ತದೆ.

ಕಟ್ಟು ಮರೆತು ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಒಂದು ಪ್ರಕರಣವಿದೆ. ಬ್ಯಾಂಕರುಗಳ ಪೈಕಿ ಇದಕ್ಕಿಂತ ದುಬಾರಿ ಟಿವಿ ಸಂದರ್ಶನ ಇನ್ನೊಂದು ಇರಲಾರದು. ಡಾಯ್ಚ ಬ್ಯಾಂಕಿನ ಮುಖ್ಯಸ್ಥ ರಾಲ್ಫ್ ಬ್ರೋಯರ್ 2002ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಬ್ಲೂಮ್‌ಬರ್ಗ್ ಟಿವಿಗೆ ಮಾತು ಕೊಟ್ಟರು. ಸಾಲದಲ್ಲಿ ಮುಳುಗಿದ್ದ ಮಾಧ್ಯಮ ದೊರೆ ಲಿಯೊ ಕಿರ್ಶ್ ಬಗ್ಗೆ ಪ್ರಶ್ನೆ ಬಂತು. ಕಿರ್ಶ್ ಆ ಬ್ಯಾಂಕಿನ ಸಾಲಗಾರರೇ. ಬ್ರೋಯರ್ ‘ಹೇಳಲಾಗದು’ ಎಂದು ಮುಗಿಸಬಹುದಿತ್ತು. ಬದಲಿಗೆ, ಓದಿ ಕೇಳಿ ತಿಳಿದ ಮಟ್ಟಿಗೆ ಹಣಕಾಸು ವಲಯ ಅವರಿಗೆ ಇನ್ನು ಈಗಿರುವ ಸ್ಥಿತಿಯಲ್ಲಿ ಸಾಲ ಕೊಡಲು ತಯಾರಿಲ್ಲ ಎಂಬ ಅರ್ಥದ ಒಂದು ವಾಕ್ಯ ಆಡಿದರು. ಎರಡು ತಿಂಗಳಲ್ಲಿ ಕಿರ್ಶ್ ಅವರ ಮಾಧ್ಯಮ ಕಂಪನಿ ದಿವಾಳಿ ಅರ್ಜಿ ಹಾಕಿತು. ತಮಗೆ ಗುಂಡು ಹೊಡೆದವನು ಬ್ರೋಯರ್ ಎಂದರು ಕಿರ್ಶ್. ನಂತರದ ದಾವೆಗಳು ಹನ್ನೆರಡು ವರ್ಷ ಎಳೆದವು. 2006ರಲ್ಲಿ ಜರ್ಮನಿಯ ಅತ್ಯುನ್ನತ ನ್ಯಾಯಾಲಯ ಬ್ರೋಯರ್ ಮತ್ತು ಬ್ಯಾಂಕ್ ಹೊಣೆಗಾರರೆಂದು ಒಪ್ಪಿತು. 2011ರಲ್ಲಿ ಕಿರ್ಶ್ ತೀರಿಕೊಂಡರು. 2014ರಲ್ಲಿ ಬ್ಯಾಂಕ್ ಸುಮಾರು 92.5 ಕೋಟಿ ಯೂರೊ ಕೊಟ್ಟು ವಾರಸುದಾರರೊಂದಿಗೆ ರಾಜಿ ಮಾಡಿಕೊಂಡಿತು. ಒಂದೇ ಒಂದು ವಾಕ್ಯಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದವರು ಇಷ್ಟು ದೊಡ್ಡ ಮುತ್ತನ್ನು ಊಹಿಸಿರಲಿಕ್ಕಿಲ್ಲ.

ಕಡಿಮೆ ಮಾತೂ ಕಾಪಾಡುವುದಿಲ್ಲ. 2023ರ ಮಾರ್ಚ್ 15ರಂದು ಅದೇ ಬ್ಲೂಮ್‌ಬರ್ಗ್ ಟಿವಿ ಸೌದಿ ನ್ಯಾಷನಲ್ ಬ್ಯಾಂಕಿನ ಅಧ್ಯಕ್ಷ ಅಮ್ಮಾರ್ ಅಲ್ ಖುದೈರಿ ಅವರನ್ನು ಕೇಳಿತು: ಸ್ವಿಟ್ಜರ್ಲೆಂಡಿನ ಬ್ಯಾಂಕ್ ಕ್ರೆಡಿಟ್ ಸ್ವೀಸ್‌ಗೆ ಇನ್ನಷ್ಟು ಬಂಡವಾಳ ಬೇಕೆಂದರೆ ಕೊಡುತ್ತೀರಾ? ಖಂಡಿತ ಇಲ್ಲ ಎಂದರು. ಪಾಲು ಹತ್ತು ಪ್ರತಿಶತ ದಾಟಿದರೆ ನಿಯಂತ್ರಕರ ಬೇರೆ ನಿಯಮಗಳು ಬರುತ್ತವೆ ಎಂಬ ಕಾರಣ ಅವರಿಗಿತ್ತು, ಸುಳ್ಳೇನೂ ಅಲ್ಲ. ಆದರೆ ಕ್ರೆಡಿಟ್ ಸ್ವೀಸ್‌ನ ಅತಿದೊಡ್ಡ ಷೇರುದಾರನ ಬಾಯಲ್ಲಿ ‘ಇಲ್ಲ’ ಬಂದ ಮೇಲೆ ಕಾರಣ ಯಾರಿಗೆ ಬೇಕು? ಆ ದಿನ ಷೇರು ಕಾಲುಭಾಗದಷ್ಟು ಬಿತ್ತು. ನಾಲ್ಕು ದಿನದಲ್ಲಿ 167 ವರ್ಷದ ಬ್ಯಾಂಕನ್ನು ಯುಬಿಎಸ್ 300 ಕೋಟಿ ಫ್ರಾಂಕಿಗೆ ಕೊಂಡಿತು. ನ್ಯಾಯವಾಗಿ ಹೇಳಬೇಕೆಂದರೆ ಆ ಬ್ಯಾಂಕ್ ಒಂದು ಉತ್ತರದಿಂದ ಸತ್ತದ್ದಲ್ಲ. ಹಿಂದಿನ ವರ್ಷದ ಕೊನೆಯ ಮೂರು ತಿಂಗಳಲ್ಲೇ ಗ್ರಾಹಕರು 11,000 ಕೋಟಿ ಫ್ರಾಂಕ್ ತೆಗೆದುಕೊಂಡು ಹೋಗಿದ್ದರು. ಅದೇ ಅವಧಿಯಲ್ಲಿ ಅದರ ಅಧ್ಯಕ್ಷರು ಹೊರಹರಿವು ನಿಂತಿದೆ ಎಂದು ಮಾಧ್ಯಮಗಳಿಗೆ ಹೇಳಿದ್ದರು ಎಂಬುದು ಆಮೇಲೆ ಅವರ ಕುತ್ತಿಗೆಗೇ ಬಂತು.

ಹಾಗಾದರೆ ಟಿವಿಗೆ ಹೋಗಿ ಬದುಕಿದವರೇ ಇಲ್ಲವೆ? ಜೆಪಿ ಮಾರ್ಗನ್ ಚೇಸ್‌ನ ಜೇಮಿ ಡೈಮನ್ ಇದ್ದಾರೆ. ಅವರ ಲಂಡನ್ ಕಚೇರಿಯ ಒಬ್ಬ ವ್ಯಾಪಾರಿ ಕಟ್ಟಿದ ಬಾಜಿ ಎಷ್ಟು ದೊಡ್ಡದೆಂದರೆ ಪೇಟೆಯವರು ಆತನನ್ನು ‘ಲಂಡನ್ ತಿಮಿಂಗಿಲ’ ಎಂದು ಕರೆಯುತ್ತಿದ್ದರು. 2012ರ ಏಪ್ರಿಲ್‌ನಲ್ಲಿ ಡೈಮನ್ ಅದೊಂದು ಚಹಾ ಕಪ್ಪಿನ ಬಿರುಗಾಳಿ ಎಂಬಂತೆ ತಳ್ಳಿಹಾಕಿದ್ದರು. ಮೇ 10ರಂದು 200 ಕೋಟಿ ಡಾಲರ್ ನಷ್ಟ ಪ್ರಕಟಿಸಬೇಕಾಯಿತು. ಮೂರು ದಿನ ಬಿಟ್ಟು ಭಾನುವಾರದ ‘ಮೀಟ್ ದ ಪ್ರೆಸ್’ನಲ್ಲಿ, ಏಪ್ರಿಲ್‌ನಲ್ಲಿ ತಾವು ಆಡಿದ್ದು ಪೂರಾ ತಪ್ಪು ಎಂದರು. ಕೆಳಗಿನ ನೌಕರನತ್ತ ಬೆರಳು ತೋರಿಸಲಿಲ್ಲ. ಬದುಕಿಕೊಂಡರು, ಇವತ್ತಿಗೂ ಬ್ಯಾಂಕರುಗಳಿಗೆ ಕ್ಷಮೆ ಹೇಗೆ ಕೇಳಬೇಕು ಎಂದು ಕಲಿಸುವವರು ಈ ಉದಾಹರಣೆ ಕೊಡುತ್ತಾರೆ. ನನಗೆ ಅಷ್ಟು ಮೆಚ್ಚುಗೆಯಿಲ್ಲ. ನಷ್ಟ 200 ಕೋಟಿಯಲ್ಲಿ ನಿಲ್ಲದೆ 620 ಕೋಟಿ ಡಾಲರಿಗೆ ಬೆಳೆಯಿತು, 2013ರಲ್ಲಿ ಸುಮಾರು 92 ಕೋಟಿ ಡಾಲರ್ ದಂಡ ಬಂತು, ಅವರ 2012ರ ಸಂಬಳವನ್ನು ಆಡಳಿತ ಮಂಡಳಿ ಅರ್ಧಕ್ಕೆ ಇಳಿಸಿತು. ಡೈಮನ್ ಉಳಿದದ್ದಕ್ಕೆ ದೊಡ್ಡ ಕಾರಣ, ಕಳೆದದ್ದು ಬ್ಯಾಂಕಿನ ದುಡ್ಡು, ಗ್ರಾಹಕರ ದುಡ್ಡಲ್ಲ. ಜೊತೆಗೆ ಅದೇ ವರ್ಷ ಬ್ಯಾಂಕ್ ದಾಖಲೆಯ ಲಾಭ ಮಾಡಿತು. ಲಾಭ ಮಾಡುತ್ತಿರುವವನ ಕ್ಷಮಾಪಣೆ ಕಿವಿಗೆ ಇಂಪಾಗಿ ಕೇಳುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಟಿವಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ಬ್ಯಾಂಕ್ ತಪ್ಪು ಮಾಡಿದೆಯೇ ಎಂಬುದಲ್ಲ, ದುಡ್ಡು ಇದೆಯೇ ಎಂಬುದು ಪ್ರಶ್ನೆಯಾದಾಗ, ಮತ್ತು ದುಡ್ಡು ನಿಜವಾಗಿ ಇದ್ದಾಗ. 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಮುಳುಗಿದ ಮೇಲೆ ಐಸಿಐಸಿಐ ಬ್ಯಾಂಕೂ ಮುಳುಗುತ್ತದಂತೆ ಎಂಬ ಗಾಳಿಸುದ್ದಿ ಎಸ್‌ಎಂಎಸ್ ಹತ್ತಿ ಊರೂರು ಸುತ್ತಿತು. ಎಟಿಎಂ ಮುಂದೆ ಸಾಲು ಬೆಳೆಯಿತು. ಆಗ ಬ್ಯಾಂಕಿನ ಚುಕ್ಕಾಣಿ ಹಿಡಿದಿದ್ದವರು ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಕೆ.ವಿ. ಕಾಮತ್. ಬ್ಯಾಂಕಿನ ಮೇಲ್ಮಟ್ಟದವರು ಟಿವಿಯಲ್ಲಿ ಬಂದು ಧೈರ್ಯ ಹೇಳಿದರು ನಿಜ. ಆದರೆ ಸಾಲು ಕರಗಿಸಿದ್ದು ಎರಡು ಸಂಗತಿ: ಸೆಪ್ಟೆಂಬರ್ 30ರಂದು ಬ್ಯಾಂಕಿನಲ್ಲಿ ಸಾಕಷ್ಟು ನಗದು ಇದೆ ಎಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಹೇಳಿಕೆ, ಮತ್ತು ಕಾರ್ಡ್ ಹಾಕಿದವನಿಗೆ ಯಂತ್ರದಿಂದ ಬಂದ ನೋಟು. ತನ್ನ ಬಗ್ಗೆ ತಾನೇ ಸಾಕ್ಷಿ ಹೇಳುವವನಿಗಿಂತ ಮೂರನೆಯವರ ಸಾಕ್ಷಿಗೆ ತೂಕ ಹೆಚ್ಚು. 2025ರ ಮಾರ್ಚ್‌ನಲ್ಲಿ ಇಂಡಸ್‌ಇಂಡ್ ಬ್ಯಾಂಕಿನ ಡೆರಿವೇಟಿವ್ ಲೆಕ್ಕದಲ್ಲಿ ವ್ಯತ್ಯಾಸ ಬಯಲಾದಾಗಲೂ ಠೇವಣಿದಾರರಿಗೆ ನೆಲೆ ಕೊಟ್ಟದ್ದು ಮಾರ್ಚ್ 15ರ ರಿಸರ್ವ್ ಬ್ಯಾಂಕ್ ಹೇಳಿಕೆಯೇ. ಸಿಇಒ ಮುಂದಿನ ತಿಂಗಳ ಕೊನೆಗೆ ಹೋದರು. ಠೇವಣಿ ಇದ್ದಲ್ಲೇ ಇದೆಯೇ ಎಂದು ಕೇಳುವವರಿಗೆ ಸಿಇಒ ಮುಖ ಬೇಕಾಗಿಯೂ ಇರಲಿಲ್ಲ.

ದುಡ್ಡಿಲ್ಲದೆ ಧೈರ್ಯ ಹೇಳಿದರೆ ಅದು ಬೆಂಕಿಗೆ ಬೀಸಣಿಗೆ. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿನ ಮುಖ್ಯಸ್ಥ ಗ್ರೆಗ್ ಬೆಕರ್ ಗ್ರಾಹಕರಿಗೆ ಶಾಂತವಾಗಿರಿ ಎಂದರು. ಅದೊಂದೇ ದಿನ 4,200 ಕೋಟಿ ಡಾಲರ್ ಹೊರಹೋಯಿತು. ಮರುದಿನ ಬ್ಯಾಂಕ್ ಮುಚ್ಚಿತು.

ಬ್ಯಾಂಕಿನ ಮೇಲಿನ ನಂಬಿಕೆ ದೊಡ್ಡವರ ಮುಖ ನೋಡಿ ಹುಟ್ಟುವುದಲ್ಲ ಎಂದು ಕರಾವಳಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂದು ಅಂದಿನ ಒಂದೇ ಜಿಲ್ಲೆಯ ಮಣ್ಣಿನಲ್ಲಿ ಐದು ಬ್ಯಾಂಕುಗಳು ಹುಟ್ಟಿದ ಕಾಲದಲ್ಲಿ ಬ್ಯಾಂಕಿನ ಮುಖ ಎಂದರೆ ಬಾಗಿಲಿಗೆ ಬರುವ ಪಿಗ್ಮಿ ಏಜೆಂಟರ ಮುಖ. 1928ರಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕ್ ಶುರುಮಾಡಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟ ಗೂಡಂಗಡಿಯವನೂ ಖಾತೆದಾರನೇ. ಬ್ಯಾಂಕಿನ ದೊಡ್ಡವರು ಹೇಗಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ನಿನ್ನೆ ಬಂದವರು ಇವತ್ತೂ ಬಂದು ಪುಸ್ತಕದಲ್ಲಿ ಬರೆದು ಹೋದರೆ ಸಾಕಿತ್ತು. ವೆಲ್ಸ್ ಫಾರ್ಗೊ ಕೆಡಿಸಿಕೊಂಡದ್ದು ಸರಿಯಾಗಿ ಈ ಮಟ್ಟದಲ್ಲಿ, ಕೌಂಟರಿನಲ್ಲಿ. ಸರಿಪಡಿಸಲು ಹೊರಟದ್ದು ಸ್ಟುಡಿಯೊದಲ್ಲಿ.

ನನ್ನನ್ನು ಕೇಳಿದರೆ, ಕುರ್ಚಿ ಉಳಿಸಿಕೊಳ್ಳಲು ಟಿವಿಗೆ ಹೋಗುವುದಾದರೆ ಹೋಗಬೇಡಿ ಎನ್ನುತ್ತೇನೆ. ಮೋಸಹೋದವರಿಗೆ ದುಡ್ಡು ಮುಟ್ಟಿ, ಮೇಲ್ವಿಚಾರಕರ ಮುಂದೆ ಲೆಕ್ಕ ಬಿಚ್ಚಿ, ತನ್ನ ಸಂಬಳದಲ್ಲಿ ಎಷ್ಟು ಬಿಟ್ಟೆನೆಂದು ಷೇರು ವಿನಿಮಯ ಕೇಂದ್ರಕ್ಕೆ ಬರೆದು ಆದ ಮೇಲೆ ಹೋಗಲಿ. ಅದೂ ತನ್ನ ಷೇರನ್ನು ಹೊಗಳಿದ ನಿರೂಪಕರ ಬಳಿಗಲ್ಲ, ಗ್ರಾಹಕರ ದೂರುಗಳ ಕಟ್ಟು ಹಿಡಿದು ಕೂತವರ ಬಳಿಗೆ. ಆ ಹೊತ್ತಿಗೆ ಹೆಚ್ಚಿನ ಚಾನೆಲ್ಲುಗಳಿಗೆ ಅವರಲ್ಲಿ ಆಸಕ್ತಿ ಉಳಿದಿರುವುದಿಲ್ಲ ಎಂಬುದು ಬೇರೆ ಮಾತು. ಕೋಪ ಬಿಸಿಯಿದ್ದಾಗಲೇ ಅವರಿಗೆ ಅತಿಥಿ ಬೇಕು.

ವೆಲ್ಸ್ ಫಾರ್ಗೊ ಕತೆ ಸಂದರ್ಶನದ ನಂತರವೂ ಸುಮಾರು ಒಂಬತ್ತು ವರ್ಷ ನಡೆಯಿತು. 2017ರಲ್ಲಿ ಅನುಮಾನದ ಖಾತೆಗಳ ಸಂಖ್ಯೆ 35 ಲಕ್ಷಕ್ಕೆ ಏರಿತು. 2018ರ ಫೆಬ್ರುವರಿಯಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್, ವೆಲ್ಸ್ ಫಾರ್ಗೊ ತನ್ನ ಆಸ್ತಿಯನ್ನು ಸುಮಾರು 1.95 ಲಕ್ಷ ಕೋಟಿ ಡಾಲರಿಗಿಂತ ಬೆಳೆಸಕೂಡದು ಎಂದು ಮಿತಿ ಹಾಕಿತು. ದೊಡ್ಡ ಬ್ಯಾಂಕಿಗೆ ಹಾಗೆ ಗೂಟ ಕಟ್ಟಿದ್ದು ಅಪರೂಪ. ಸ್ಟಂಫ್ ನಂತರ ಬಂದ ಟಿಮ್ ಸ್ಲೋನ್ 2019ರಲ್ಲಿ ಹೋದರು. 2020ರ ಜನವರಿಯಲ್ಲಿ ಸ್ಟಂಫ್ 1.75 ಕೋಟಿ ಡಾಲರ್ ದಂಡ ಕಟ್ಟಲು ಮತ್ತು ಬದುಕಿರುವ ತನಕ ಯಾವ ಬ್ಯಾಂಕಿನಲ್ಲೂ ಕೆಲಸ ಮಾಡದಿರಲು ಒಪ್ಪಿದರು. ಮುಂದಿನ ತಿಂಗಳು ಬ್ಯಾಂಕ್ 300 ಕೋಟಿ ಡಾಲರ್ ಕೊಟ್ಟು ಸರ್ಕಾರದ ತನಿಖೆಗಳನ್ನು ಇತ್ಯರ್ಥ ಮಾಡಿಕೊಂಡಿತು. ಶಾಖೆಗಳ ಉಸ್ತುವಾರಿ ಹೊತ್ತಿದ್ದ ಕ್ಯಾರಿ ಟೋಲ್‌ಸ್ಟೆಡ್ಟ್ ತನಿಖೆಗೆ ಅಡ್ಡಿಪಡಿಸಿದ ತಪ್ಪನ್ನು 2023ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಪಡೆದರು. ಆಸ್ತಿಯ ಮಿತಿ ಬಿಚ್ಚಿದ್ದು 2025ರ ಜೂನ್ 3ರಂದು. ಆ ದಿನ ಬ್ಯಾಂಕಿನ ಈಗಿನ ಮುಖ್ಯಸ್ಥ ಚಾರ್ಲ್ಸ್ ಶಾರ್ಫ್ ಪೂರ್ಣಾವಧಿ ನೌಕರರಿಗೆ ತಲಾ 2,000 ಡಾಲರ್ ಕೊಡುವುದಾಗಿ ಪ್ರಕಟಿಸಿದರು. ಕೆಲಸ ಕಳೆದುಕೊಂಡ ಆ 5,300 ಮಂದಿ ಅಷ್ಟರಲ್ಲಿ ಆ ಬ್ಯಾಂಕಿನ ನೌಕರರಾಗಿರಲಿಲ್ಲ.